ಯಾವ ಡ್ಯಾಕ್ ಒಳ್ಳೇದು? ಮೊದಲು ವಾಲ್ಯೂಮ್ ಸಮ ಮಾಡಿ

ಆಪಲ್ ಕಂಪನಿಯ ಪುಟ್ಟ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್‌ಗೆ ಅಮೆರಿಕದಲ್ಲಿ 9 ಡಾಲರ್. ಬ್ರಿಟನ್ನಿನ ಕಾರ್ಡ್ ಕಂಪನಿಯ 'ಡೇವ್' ಡ್ಯಾಕ್ ಕೊಳ್ಳುವ ದುಡ್ಡಿಗೆ ನಮ್ಮಲ್ಲಿ ಒಂದು ಕಾರು ಬರುತ್ತದೆ. ಎರಡೂ ಮಾಡುವ ಕೆಲಸ ಒಂದೇ. ಅಂಕಿಗಳ ರೂಪದಲ್ಲಿ ಬರುವ ಸಂಗೀತವನ್ನು ಆಂಪ್‌ಗೆ (ಸ್ಪೀಕರ್ ನುಡಿಸುವ ಆಂಪ್ಲಿಫೈಯರ್‌ಗೆ) ಬೇಕಾದ ವೋಲ್ಟೇಜ್ ಆಗಿ ಬದಲಿಸುವುದು. ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಅಂತ ಪೂರ್ತಿ ಹೆಸರು. ಡ್ಯಾಕ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಫೋನ್ ಅಥವಾ ಸ್ಟ್ರೀಮರ್‌ನಿಂದ (ಇಂಟರ್ನೆಟ್‌ನಿಂದ ನೇರವಾಗಿ ಹಾಡು ತರುವ ಪೆಟ್ಟಿಗೆಯಿಂದ) ಹಾಡು ಹಾಕಿ, ಆಂಪ್ ಮತ್ತು ಸ್ಪೀಕರ್‌ನಲ್ಲಿ ಕೇಳುವವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ: ಡ್ಯಾಕ್ ಬದಲಿಸಿದರೆ ಸಂಗೀತ ಇನ್ನೂ ಚೆನ್ನಾಗಿ ಕೇಳಿಸುತ್ತಾ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಯಾಗಿ ತಯಾರಾದ ಎರಡು ಡ್ಯಾಕ್‌ಗಳ ನಡುವೆ ಕಿವಿಗೆ ಬೀಳುವ ವ್ಯತ್ಯಾಸ ತುಂಬಾ ಕಡಿಮೆ. ನಾವು ಕೇಳಿಸಿಕೊಂಡೆವು ಅಂದುಕೊಳ್ಳುವ ವ್ಯತ್ಯಾಸದಲ್ಲಿ ಬಹುಪಾಲು ಬರುವುದು ಚಿಪ್‌ನಿಂದಲ್ಲ. ವಾಲ್ಯೂಮ್, ಸೆಟ್ಟಿಂಗ್ ಮತ್ತು ವೈರಿಂಗ್‌ನಿಂದ. ಹಾಗಾಗಿ ಹೋಲಿಸುವುದಾದರೆ ಹೋಲಿಸುವ ರೀತಿ ಸರಿ ಇರಬೇಕು.

ಡ್ಯಾಕ್ ಒಳಗೆ ಆಗುವುದೇನು

ಸಿಡಿ ಮಟ್ಟದ ಹಾಡಿನಲ್ಲಿ ಎಡ, ಬಲ ಒಂದೊಂದು ಚಾನೆಲ್‌ಗೂ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಇವೇ ಸ್ಯಾಂಪಲ್‌ಗಳು. ಒಂದೊಂದು ಸ್ಯಾಂಪಲ್ 16 ಬಿಟ್‌ನದ್ದು, ಅಂದರೆ ಅದು 65,536 ಬೆಲೆಗಳಲ್ಲಿ ಒಂದಾಗಿರಬಹುದು. 44,100 ಯಾಕೆ? ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತದೆ. ಒಂದು ಶಬ್ದವನ್ನು ಪೂರ್ತಿಯಾಗಿ ಹಿಡಿದಿಡಲು ಅದರ ಕಂಪನದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸ್ಯಾಂಪಲ್ ಸಾಕು ಅನ್ನುವುದು ನೈಕ್ವಿಸ್ಟ್ ಮತ್ತು ಶಾನನ್ ಅವರ ಗಣಿತ.

ಇಲ್ಲಿ ಒಂದು ತಪ್ಪು ಚಿತ್ರ ತುಂಬಾ ಹರಡಿದೆ. ಡಿಜಿಟಲ್ ಅಂದರೆ ಮೆಟ್ಟಿಲು ಮೆಟ್ಟಿಲಾದ ಗೆರೆ, ಅನಲಾಗ್ ಅಂದರೆ ನುಣುಪಾದ ಗೆರೆ ಅಂತ ಜಾಹೀರಾತುಗಳಲ್ಲಿ ತೋರಿಸುತ್ತಾರೆ. ಸ್ಯಾಂಪಲ್ ಹೆಚ್ಚಾದಷ್ಟೂ ಮೆಟ್ಟಿಲು ಸಣ್ಣದಾಗುತ್ತದೆ, ಸಂಗೀತ ನಯವಾಗುತ್ತದೆ ಅನ್ನೋ ನಂಬಿಕೆ ಅಲ್ಲಿಂದಲೇ ಹುಟ್ಟಿದ್ದು. ಇದು ನಿಜವಲ್ಲ. ಬಹುತೇಕ ಡ್ಯಾಕ್‌ಗಳ ಒಳಗೆ ಒಂದು ಫಿಲ್ಟರ್ ಇರುತ್ತದೆ. 20 ಕಿಲೋಹರ್ಟ್ಸ್‌ಗಿಂತ ಮೇಲಿನದ್ದನ್ನೆಲ್ಲ ಅದು ಕತ್ತರಿಸಿದ ಮೇಲೆ ಆ ಅಂಕಿಗಳ ಮೂಲಕ ಹಾದುಹೋಗಬಹುದಾದ ಗೆರೆ ಒಂದೇ ಒಂದು. ಅದು ನುಣುಪಾಗಿಯೇ ಇರುತ್ತದೆ. ಹಾಗೆ ಹೊರಗೆ ಬರುವ ಸಿಗ್ನಲ್‌ನಲ್ಲಿ ಮೆಟ್ಟಿಲುಗಳಿರುವುದಿಲ್ಲ.

ಅಂಕಿಯನ್ನು ವೋಲ್ಟೇಜ್ ಮಾಡಲು ಮುಖ್ಯವಾಗಿ ಎರಡು ದಾರಿ ಇವೆ. ಇವತ್ತಿನ ಬಹುತೇಕ ಡ್ಯಾಕ್‌ಗಳು ಡೆಲ್ಟಾ-ಸಿಗ್ಮಾ ದಾರಿ ಹಿಡಿಯುತ್ತವೆ. ಕೆಲವೇ ಬಿಟ್‌ಗಳನ್ನು ಸೆಕೆಂಡಿಗೆ ಹತ್ತಾರು ಲಕ್ಷ ಸಲ ಹೊರಬಿಟ್ಟು, ಅದರಿಂದಾಗುವ ಗದ್ದಲವನ್ನು ಕಿವಿಗೆ ಕೇಳಿಸದಷ್ಟು ಹೆಚ್ಚಿನ ಹರ್ಟ್ಸ್‌ಗೆ ತಳ್ಳುವುದು ಇದರ ಉಪಾಯ. ಉಪಾಯದ ಬೇರು ಹಳೆಯದು. 1982ರಲ್ಲಿ ಸಿಡಿ ಬಂದಾಗ ಸೋನಿ ಹತ್ತಿರ 16 ಬಿಟ್ ಡ್ಯಾಕ್ ಇತ್ತು, ಫಿಲಿಪ್ಸ್ ಹತ್ತಿರ 14 ಬಿಟ್‌ನದ್ದು ಮಾತ್ರ. ಫಿಲಿಪ್ಸ್‌ನವರು ಸ್ಯಾಂಪಲ್ ವೇಗವನ್ನು ನಾಲ್ಕು ಪಟ್ಟು, ಅಂದರೆ 176.4 ಕಿಲೋಹರ್ಟ್ಸ್‌ಗೆ ಏರಿಸಿ, ಗದ್ದಲವನ್ನು ಮೇಲಕ್ಕೆ ತಳ್ಳಿ, ಅದೇ 14 ಬಿಟ್ ಚಿಪ್‌ನಿಂದ 16 ಬಿಟ್‌ಗೆ ಸಮನಾದ ಕೆಲಸ ತೆಗೆದರು. ಎಂಜಿನಿಯರಿಂಗ್ ಅಂದರೆ ಇದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯದು ಆರ್‌-ಟೂ-ಆರ್. ಪ್ರತಿ ಬಿಟ್‌ಗೂ ರೆಸಿಸ್ಟರ್‌ಗಳ ಒಂದು ಜಾಲ ಕಟ್ಟಿ ನೇರವಾಗಿ ವೋಲ್ಟೇಜ್ ತೆಗೆಯುವುದು. ಕೇಳಲು ಸರಳ, ಮಾಡಲು ಕಷ್ಟ. 16 ಬಿಟ್ ನಿಖರವಾಗಿ ಬರಬೇಕಾದರೆ ಅತಿ ದೊಡ್ಡ ಬಿಟ್‌ನ ಬೆಲೆಯಲ್ಲಿ ತಪ್ಪು 65,536ರಲ್ಲಿ ಒಂದು ಪಾಲಿಗಿಂತ, ಅಂದರೆ ಶೇ. 0.0015ಕ್ಕಿಂತ ಕಡಿಮೆ ಇರಬೇಕು. ಮಾರುಕಟ್ಟೆಯಲ್ಲಿ ಒಳ್ಳೆಯದು ಅನ್ನಿಸಿಕೊಳ್ಳುವ ರೆಸಿಸ್ಟರ್‌ನ ಹೊಂದಾಣಿಕೆ ಶೇ. 0.1. ಹೀಗಾಗಿ ತಯಾರಕರು ಜಾಲವನ್ನು ಭಾಗ ಮಾಡುತ್ತಾರೆ, ಲೆಕ್ಕದಿಂದ ತಿದ್ದುತ್ತಾರೆ, ಬೆಲೆ ಏರುತ್ತದೆ. ಅಳತೆಯಲ್ಲಿ ಅವು ಅಗ್ಗದ ಡೆಲ್ಟಾ-ಸಿಗ್ಮಾ ಚಿಪ್‌ಗಿಂತ ಹಿಂದೆ ಬೀಳುವುದು ಸಾಮಾನ್ಯ.

ಆದರೂ ಆರ್‌-ಟೂ-ಆರ್ ಡ್ಯಾಕ್‌ಗಳನ್ನು ಪ್ರೀತಿಸುವವರು ಬಹಳ. 'ಮೃದು', 'ಬೆಚ್ಚಗೆ' ಅನ್ನುತ್ತಾರೆ. ಕೆಲವು ಸಲ ಅದಕ್ಕೆ ನಿಜವಾದ ಕಾರಣ ಇರುತ್ತದೆ. ಇಂಥ ಹಲವು ಡ್ಯಾಕ್‌ಗಳಲ್ಲಿ ಎನ್‌ಒಎಸ್ ಅನ್ನೋ ಆಯ್ಕೆ ಇರುತ್ತದೆ. ಅಂದರೆ ಸ್ಯಾಂಪಲ್ ವೇಗ ಏರಿಸದೆ, ಡಿಜಿಟಲ್ ಫಿಲ್ಟರ್ ಇಲ್ಲದೆ, ಬಂದ ಹಾಗೇ ಬಿಡುವುದು. ಹಾಗೆ ಬಿಟ್ಟರೆ 44.1 ಕಿಲೋಹರ್ಟ್ಸ್ ಹಾಡಿನಲ್ಲಿ 10 ಕಿಲೋಹರ್ಟ್ಸ್ ಹತ್ತಿರ ಮುಕ್ಕಾಲು ಡೆಸಿಬೆಲ್, 20 ಕಿಲೋಹರ್ಟ್ಸ್ ಹತ್ತಿರ ಮೂರು ಡೆಸಿಬೆಲ್‌ಗೂ ಸ್ವಲ್ಪ ಜಾಸ್ತಿ ಇಳಿಕೆಯಾಗುತ್ತದೆ. ಇದು ಶುದ್ಧ ಗಣಿತ. ಯಾವ ಕಂಪನಿ ಮಾಡಿದರೂ ಬದಲಾಗುವುದಿಲ್ಲ. ತಾಳದ ಕಿಣಿಕಿಣಿ, 'ಸ' ಅಕ್ಷರದ ಚುರುಕು ಒಂದು ಚೂರು ತಗ್ಗುತ್ತದೆ. ಅದು ನಿಮಗೆ ಹಿತ ಅನ್ನಿಸಿದರೆ ಖಂಡಿತ ಆನಂದಿಸಿ. ಆದರೆ ಅದೇ ಇಳಿಕೆಯನ್ನು ಆ್ಯಪ್‌ನ ಈಕ್ವಲೈಜರ್‌ನಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಮಾಡಿಕೊಳ್ಳಬಹುದು.

ಚಿಪ್‌ನ ಹೆಸರು ನೋಡಿ ಡ್ಯಾಕ್ ಕೊಳ್ಳುವವರಿಗೆ ಒಂದು ಮಾತು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕದಲ್ಲಿದ್ದ, ಡ್ಯಾಕ್ ಚಿಪ್ ಮಾಡುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ತಯಾರಕರು ತಮ್ಮ ಡ್ಯಾಕ್‌ಗಳನ್ನು ಇನ್ನೊಂದು ಕಂಪನಿಯಾದ ಇಎಸ್‌ಎಸ್‌ನ ಚಿಪ್‌ಗೆ ಬದಲಿಸಿಕೊಂಡರು. ಒಳ್ಳೆಯ ತಯಾರಕರ ಡ್ಯಾಕ್ ಆಮೇಲೂ ಒಳ್ಳೆಯದಾಗಿಯೇ ಇತ್ತು. ಚಿಪ್‌ನ ಸುತ್ತ ಇರುವ ವಿದ್ಯುತ್ ಪೂರೈಕೆ, ಔಟ್‌ಪುಟ್ ಹಂತ, ಬೋರ್ಡ್‌ನ ವಿನ್ಯಾಸ ಇವೆಲ್ಲ ಸೇರಿಯೇ ಡ್ಯಾಕ್.

ಎಷ್ಟು ಚೊಕ್ಕ ಇದ್ದರೆ ಸಾಕು

ಡ್ಯಾಕ್‌ಗಳ ಅಳತೆಯಲ್ಲಿ ಸಿನಾಡ್ ಅನ್ನೋ ಅಂಕಿ ಪದೇ ಪದೇ ಬರುತ್ತದೆ. ಸಂಗೀತದ ಮುಂದೆ ಗದ್ದಲ ಮತ್ತು ವಿಕೃತಿ (ಡಿಸ್ಟಾರ್ಷನ್) ಒಟ್ಟು ಎಷ್ಟು ಕೆಳಗಿದೆ ಅನ್ನುವುದು ಇದರ ಅರ್ಥ. 100 ಡೆಸಿಬೆಲ್ ಅಂದರೆ ಕಸ ಒಂದು ಲಕ್ಷದಲ್ಲಿ ಒಂದು ಪಾಲು. 120 ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಆಪಲ್‌ನ ಆ 9 ಡಾಲರ್ ಡಾಂಗಲ್ ಕೂಡ 100ರ ಹತ್ತಿರ ನಿಲ್ಲುತ್ತದೆ. 120 ದಾಟುವ ಡ್ಯಾಕ್‌ಗಳು ಈಗ ಮಧ್ಯಮ ಬೆಲೆಗೇ ಸಿಗುತ್ತವೆ.

ಈ ಅಂಕಿಗಳನ್ನು ನಮ್ಮ ಮನೆಯ ಹಾಲ್‌ಗೆ ತಂದು ನೋಡಿ. ರಾತ್ರಿ ಎಲ್ಲ ಮಲಗಿದ ಮೇಲೂ ಕೋಣೆಯಲ್ಲಿ 30 ಡೆಸಿಬೆಲ್ ಆಸುಪಾಸು ಸದ್ದು ಇದ್ದೇ ಇರುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಜಾಸ್ತಿ. ಜೋರಾಗಿ ಹಾಕಿದಾಗ ಹಾಡಿನ ಅತಿ ದೊಡ್ಡ ಸದ್ದು 95 ಡೆಸಿಬೆಲ್ ಅಂತಿಟ್ಟುಕೊಳ್ಳಿ. ಎರಡರ ನಡುವೆ ಇರುವುದು 65 ಡೆಸಿಬೆಲ್. 16 ಬಿಟ್ ಸಿಡಿಯೇ 96 ಡೆಸಿಬೆಲ್ ಕೊಡುತ್ತದೆ. ಇನ್ನು ಸ್ಪೀಕರ್‌ಗಳು. ಒಳ್ಳೆ ಸ್ಪೀಕರ್ ಕೂಡ ಕೆಳಗಿನ ಸ್ವರಗಳಲ್ಲಿ ಶೇ. 1ರಷ್ಟು ವಿಕೃತಿ ಸೇರಿಸುವುದು ಮಾಮೂಲು. ಅಂದರೆ ಸಂಗೀತಕ್ಕಿಂತ ಬರೀ 40 ಡೆಸಿಬೆಲ್ ಕೆಳಗೆ. ಡ್ಯಾಕ್ 100ರಲ್ಲಿದ್ದರೇನು, 120ರಲ್ಲಿದ್ದರೇನು, ಈ ಸರಪಳಿಯಲ್ಲಿ ಅದು ಸಡಿಲ ಕೊಂಡಿ ಅಲ್ಲವೇ ಅಲ್ಲ.

ರೆಕಾರ್ಡಿಂಗ್‌ನ ಕಡೆಯಿಂದಲೂ ನೋಡಬೇಕು. ನಾನು ಹೆಚ್ಚು ಕೇಳುವುದು ಹಳೆಯ ವೀಣೆ ಮತ್ತು ಗಾಯನ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ಹಳೆಯ ರೆಕಾರ್ಡಿಂಗ್ ಒಂದನ್ನು ಹಾಕಿ, ಮೀಟಿದ ತಂತಿಯ ನಾದ ಕರಗುವವರೆಗೂ ಕಾದು ಕೇಳಿ. ಗಮಕ ಮುಗಿದು ನಾದ ಸಣ್ಣದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಟೇಪಿನ ಸುಯ್ ಅನ್ನೋ ಸದ್ದು. ಆ ಟೇಪಿನ ಸದ್ದು ಇವತ್ತಿನ ಯಾವ ಸಾಧಾರಣ ಡ್ಯಾಕ್‌ನ ಗದ್ದಲಕ್ಕಿಂತಲೂ ಎಷ್ಟೋ ಪಟ್ಟು ಮೇಲಿರುತ್ತದೆ. ಆ ನಾದದ ತುದಿ ಇನ್ನಷ್ಟು ಕೇಳಬೇಕು ಅಂತ ನನಗೂ ಆಸೆ. ಅದಕ್ಕೆ ಬೇಕಾಗಿರುವುದು ನಿಶ್ಶಬ್ದವಾದ ಕೋಣೆ ಮತ್ತು ಒಳ್ಳೆ ಸ್ಪೀಕರ್.

ಹೋಲಿಸುವ ರೀತಿ

ಈಗ ಮುಖ್ಯ ವಿಷಯ. ಒಂದೇ ಹಾಡನ್ನು ಸ್ವಲ್ಪವೇ ಜೋರಾಗಿ ಕೇಳಿಸಿದರೆ ನಮ್ಮ ಮೆದುಳು ಅದನ್ನು 'ಜೋರು' ಅಂತ ಗುರುತಿಸುವುದಿಲ್ಲ. 'ಸ್ಪಷ್ಟ', 'ತುಂಬಿದ ದನಿ', 'ಆಳ ಇದೆ' ಅಂತ ಗುರುತಿಸುತ್ತದೆ. ಸದ್ದು ಏರಿದಂತೆ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ.

ಡ್ಯಾಕ್‌ಗಳ ವಿಷಯದಲ್ಲಿ ಇದು ನೇರವಾಗಿ ಕಾಡುತ್ತದೆ. ಡ್ಯಾಕ್‌ನಿಂದ ಆಂಪ್‌ಗೆ ಹೋಗುವ ಲೈನ್ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್ ಇರಬೇಕು. ಆದರೆ ಒಬ್ಬರ ಡ್ಯಾಕ್ 2 ವೋಲ್ಟ್ ಕೊಡುತ್ತದೆ, ಇನ್ನೊಬ್ಬರದು 2.5 ಕೊಡುತ್ತದೆ ಅಂದುಕೊಳ್ಳಿ. ಅಲ್ಲೇ ಸುಮಾರು 1.9 ಡೆಸಿಬೆಲ್ ವ್ಯತ್ಯಾಸವಾಯಿತು. ಆಪಲ್ ಡಾಂಗಲ್ 1 ವೋಲ್ಟ್ ಕೊಡುತ್ತದೆ, ಯುರೋಪಿನಲ್ಲಿ ಮಾರುವುದು ಅದರ ಅರ್ಧ. 2 ವೋಲ್ಟ್ ಡ್ಯಾಕ್ ಪಕ್ಕ ಇಟ್ಟರೆ ಡಾಂಗಲ್ ಆರು ಡೆಸಿಬೆಲ್ ಕೆಳಗೆ ಕೇಳಿಸುತ್ತದೆ, ಮಂಕು ಅನ್ನಿಸುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ. ಬ್ಯಾಲೆನ್ಸ್ಡ್ ಕೇಬಲ್ (ಒಂದು ಚಾನೆಲ್‌ಗೆ ಎರಡು ಸಿಗ್ನಲ್ ತಂತಿ ಇರುವುದು) ಹಾಕಿದರೆ ಚೆನ್ನಾಗಿ ಕೇಳುತ್ತದೆ ಅನ್ನುವುದರ ಹಿಂದೆಯೂ ಬಹಳ ಸಲ ಇದೇ ಲೆಕ್ಕ ಇರುತ್ತದೆ. ಅಲ್ಲಿ ಬರುವುದು 4 ವೋಲ್ಟ್.

ಸಮ ಮಾಡುವುದು ಕಷ್ಟವಲ್ಲ. ಒಂದು ಮಲ್ಟಿಮೀಟರ್ ಬೇಕು. ಮಿಲಿವೋಲ್ಟ್‌ವರೆಗೆ ಎಸಿ ಅಳೆಯುವಂಥದ್ದು ಇರಲಿ. 200 ವೋಲ್ಟ್‌ನಿಂದ ಶುರುವಾಗುವ ತೀರಾ ಅಗ್ಗದ ಮೀಟರ್ ಇದಕ್ಕೆ ಆಗುವುದಿಲ್ಲ. 100 ಹರ್ಟ್ಸ್‌ನ ಒಂದೇ ಸ್ವರದ ಫೈಲ್ ಹಾಕಿ. ಎಷ್ಟೋ ಮೀಟರ್‌ಗಳು ಹೆಚ್ಚಿನ ಹರ್ಟ್ಸ್‌ನಲ್ಲಿ ತಪ್ಪು ಓದುತ್ತವೆ, ಅದಕ್ಕೇ 100. ಮೀಟರ್‌ನ ಎರಡು ಕಡ್ಡಿಗಳನ್ನು ಸ್ಪೀಕರ್ ವೈರ್ ಸಿಕ್ಕಿಸುವ ಕೆಂಪು, ಕಪ್ಪು ಟರ್ಮಿನಲ್‌ಗಳಿಗೆ ತಾಗಿಸಿ. ಕಡ್ಡಿಗಳು ಒಂದಕ್ಕೊಂದು ತಾಗದಂತೆ ಜೋಪಾನ, ಆಂಪ್ ಸುಟ್ಟೀತು. ಮೊದಲ ಡ್ಯಾಕ್‌ನಲ್ಲಿ 1.000 ವೋಲ್ಟ್ ಬರುವಂತೆ ವಾಲ್ಯೂಮ್ ಇಡಿ. ಎರಡನೆಯದರಲ್ಲಿ ಅದು 0.989ರಿಂದ 1.011ರ ಒಳಗೆ ಬಂದರೆ ವ್ಯತ್ಯಾಸ 0.1 ಡೆಸಿಬೆಲ್ ಒಳಗಿದೆ ಅಂತ ಅರ್ಥ. ಅಷ್ಟು ಸಾಕು. ಕಿವಿಯ ಅಂದಾಜಿನಲ್ಲಾಗಲೀ ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಾಗಲೀ ಇಷ್ಟು ಹತ್ತಿರ ಬರಲಾಗುವುದಿಲ್ಲ.

ಆಮೇಲೆ ಎರಡನ್ನೂ ಆಂಪ್‌ನ ಎರಡು ಇನ್‌ಪುಟ್‌ಗಳಿಗೆ ಕೊಟ್ಟು, ಮನೆಯವರಲ್ಲಿ ಒಬ್ಬರನ್ನು ಬದಲಿಸಲು ಕೂರಿಸಿ. ನೀವು ಬೆನ್ನು ಹಾಕಿ ಕೂತುಕೊಳ್ಳಿ. ಅವರು ನಾಣ್ಯ ಚಿಮ್ಮಿ ಯಾವುದು ಅಂತ ನಿರ್ಧರಿಸಿ ಬರೆದಿಟ್ಟುಕೊಳ್ಳಲಿ, ನೀವು ಗುರುತಿಸಿ ಹೇಳಿ. 16 ಸಲದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಸರಿ ಬಂದರೆ ನೀವು ನಿಜವಾಗಿ ಏನನ್ನೋ ಕೇಳುತ್ತಿದ್ದೀರಿ ಅಂತ ನಂಬಬಹುದು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರಿದ್ದಾರೆ. ಅಮೆರಿಕದ ಮೇಯರ್ ಮತ್ತು ಮೊರಾನ್ ಅವರ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಎಸ್‌ಎಸಿಡಿಯಂಥ ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರ ಹಿಡಿದಿಡುವ) ಡಿಸ್ಕ್‌ನಿಂದ ಬರುವ ಸಿಗ್ನಲ್ಲನ್ನು ಒಮ್ಮೆ ಹಾಗೇ ಕೇಳಿಸಿದರು, ಇನ್ನೊಮ್ಮೆ ಸಿಡಿಯ 16 ಬಿಟ್, 44.1ಕ್ಕೆ ಇಳಿಸಿ ಮತ್ತೆ ಅನಲಾಗ್ ಮಾಡಿ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸರಿ ಉತ್ತರ ಶೇ. 52.3 ಬಂತು, ತರಬೇತಿ ಪಡೆದ ಕಿವಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ವ್ಯತ್ಯಾಸ ಸೊನ್ನೆ ಅಂತ ನಾನು ಹೇಳುವುದಿಲ್ಲ. ಇದ್ದರೆ ಅದು ಇಷ್ಟು ಸಣ್ಣದು.

ನಿಜವಾಗಿ ಕೇಳಿಸುವ ತೊಂದರೆಗಳು

ಹಾಗಾದರೆ ಡ್ಯಾಕ್ ಬದಲಿಸಿದಾಗ ಕೆಲವರ ಮನೆಯಲ್ಲಿ ಸಂಗೀತ ನಿಜವಾಗಿ ಸುಧಾರಿಸಿದ್ದು ಹೇಗೆ? ಕಾರಣಗಳಿವೆ.

ಮೊದಲನೆಯದು ಗುಂಯ್ ಅನ್ನೋ ಸದ್ದು. ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ ಡ್ಯಾಕ್, ಡ್ಯಾಕ್‌ನಿಂದ ಆಂಪ್, ಆಂಪ್ ಇನ್ನೊಂದು ಸಾಕೆಟ್‌ನಲ್ಲಿ. ಎರಡು ದಾರಿಯಲ್ಲಿ ಅರ್ತ್ ಸಿಕ್ಕಾಗ ನಡುವೆ ಸಣ್ಣ ಕರೆಂಟ್ ಹರಿದು ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ. ಮೌಸ್ ಆಡಿಸಿದಾಗ ಕಿರ್ರ್ ಅನ್ನುವುದೂ ಉಂಟು. ಪರೀಕ್ಷೆ ಸುಲಭ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಇದೇ ಕಾರಣ. ಟಿವಿ ಸೇರಿದ್ದರೆ ಸೆಟ್-ಟಾಪ್ ಬಾಕ್ಸ್‌ಗೆ ಬರುವ ಕೇಬಲ್ಲನ್ನೂ ಕಿತ್ತು ನೋಡಿ, ಅಲ್ಲಿಂದಲೂ ಬರುತ್ತದೆ. ಮದ್ದು ಆಪ್ಟಿಕಲ್ ಕೇಬಲ್. 1983ರಲ್ಲಿ ತೋಷಿಬಾ ತಂದ ಟಾಸ್‌ಲಿಂಕ್‌ನಲ್ಲಿ ಹೋಗುವುದು ಬರೀ ಬೆಳಕು, ಕರೆಂಟ್ ದಾಟಲು ತಂತಿಯೇ ಇಲ್ಲ. ಈ ಸದ್ದಿಗೆ ಹೆಚ್ಚು ಬೆಲೆಯ ಡ್ಯಾಕ್ ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮತ್ತೆ, ದಯವಿಟ್ಟು ಪ್ಲಗ್‌ನ ಅರ್ತ್ ಪಿನ್ ಮುರಿಯುವ, ಟೇಪ್ ಸುತ್ತುವ ಉಪಾಯಕ್ಕೆ ಕೈ ಹಾಕಬೇಡಿ. ಸದ್ದು ನಿಲ್ಲಬಹುದು, ಜೀವಕ್ಕೆ ಅಪಾಯ.

ಎರಡನೆಯದು ಸಂಗೀತ ಡ್ಯಾಕ್ ತಲುಪುವ ದಾರಿ. ಆಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಹೆಚ್ಚುವರಿ ದುಡ್ಡಿಲ್ಲದೆ ಲಾಸ್‌ಲೆಸ್ (ಕುಗ್ಗಿಸಿದರೂ ಏನೂ ಕಳೆಯದ ಹಾಡು) ಕೊಡುತ್ತಿದೆ, ಆದರೆ ಸೆಟ್ಟಿಂಗ್‌ಗೆ ಹೋಗಿ ನಾವೇ ಅದನ್ನು ಆನ್ ಮಾಡಬೇಕು. ಸುತ್ತಲಿಂದ ಸದ್ದು ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಆನ್ ಆಗಿದ್ದರೆ ನೀವು ಕೇಳುತ್ತಿರುವುದು ಬೇರೆಯದೇ ಮಿಕ್ಸ್. ಎರಡು ಸ್ಪೀಕರ್‌ನವರು ಅದನ್ನು ಆಫ್ ಮಾಡಿ. ಸ್ಪಾಟಿಫೈ ಲಾಸ್‌ಲೆಸ್ ಶುರು ಮಾಡಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆಂಡ್ರಾಯ್ಡ್ ಫೋನ್ ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಸ್‌ಗೆ ಬದಲಿಸಿಯೇ ಹೊರಗೆ ಬಿಡುತ್ತದೆ. ಆಂಡ್ರಾಯ್ಡ್ 14ರಲ್ಲಿ ಹಾಗೇ ಬಿಡುವ ದಾರಿ ಬಂತು, ಆದರೆ ಆ್ಯಪ್ ಅದನ್ನು ಬಳಸಿಕೊಳ್ಳಬೇಕು. ಆಪಲ್ ಡಾಂಗಲ್ಲನ್ನು ಆಂಡ್ರಾಯ್ಡ್‌ಗೆ ಹಾಕಿದರೆ ವಾಲ್ಯೂಮ್ ಕೆಳಗೇ ನಿಂತುಬಿಡುವ ತೊಂದರೆ ಹಲವು ಫೋನ್‌ಗಳಲ್ಲಿ ಇದೆ. ಬ್ಲೂಟೂತ್‌ನಲ್ಲಿ ಒಳ್ಳೆಯದು ಅನ್ನಿಸಿಕೊಂಡಿರುವ ಎಲ್‌ಡ್ಯಾಕ್ (ಇದು ಡ್ಯಾಕ್ ಅಲ್ಲ, ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಕೂಡ ಹೆಚ್ಚೆಂದರೆ ಸೆಕೆಂಡಿಗೆ 990 ಕಿಲೋಬಿಟ್. ಸಿಡಿಗೆ ಬೇಕಾದ್ದು 1411. ಹಾಗಾಗಿ ಬ್ಲೂಟೂತ್ ಮೇಲೆ ಡ್ಯಾಕ್ ಹೋಲಿಸಲು ಹೋಗಬೇಡಿ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈಗಿನ ಸಿನಿಮಾ ಹಾಡುಗಳನ್ನು ಎಷ್ಟು ಜೋರಾಗಿ ಮಾಸ್ಟರ್ ಮಾಡುತ್ತಾರೆಂದರೆ ಸ್ಯಾಂಪಲ್‌ಗಳು ಮೇಲಿನ ಮಿತಿಗೆ ಅಂಟಿಕೊಂಡೇ ಇರುತ್ತವೆ. ಎರಡು ಸ್ಯಾಂಪಲ್‌ಗಳ ನಡುವೆ ಅಲೆಯ ತುದಿ ಆ ಮಿತಿಯನ್ನೂ ದಾಟುತ್ತದೆ. ಫಿಲ್ಟರ್‌ನಲ್ಲಿ ಅದಕ್ಕೆ ಜಾಗ ಇಲ್ಲದ ಡ್ಯಾಕ್ ಅಲ್ಲಿ ತಲೆ ಕತ್ತರಿಸುತ್ತದೆ, ದನಿ ಒರಟಾಗುತ್ತದೆ. ಅಮೆರಿಕದ ಬೆಂಚ್‌ಮಾರ್ಕ್ ಕಂಪನಿ ತನ್ನ ಡ್ಯಾಕ್‌ಗಳಲ್ಲಿ ಇದಕ್ಕೆಂದೇ 3.5 ಡೆಸಿಬೆಲ್ ಜಾಗ ಬಿಡುತ್ತದೆ. ಉಳಿದವರು ಸ್ಟ್ರೀಮರ್‌ನ ವಾಲ್ಯೂಮನ್ನೇ ಮೂರು-ನಾಲ್ಕು ಡೆಸಿಬೆಲ್ ಇಳಿಸಿದರೆ ಆಯಿತು. 24 ಬಿಟ್ ಡ್ಯಾಕ್‌ನಲ್ಲಿ ಅಷ್ಟು ಇಳಿಸಿದ್ದರಿಂದ ಏನೂ ಕಳೆದುಹೋಗುವುದಿಲ್ಲ.

ಏನು ಕೊಳ್ಳಬೇಕು

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಸ್ಟ್ರೀಮರ್ ಕೊಳ್ಳಿ ಅಂತ. ಅದರೊಳಗೆ ಡ್ಯಾಕ್ ಇದ್ದೇ ಇರುತ್ತದೆ. ಫೋನ್ ಬರೀ ರಿಮೋಟ್ ಆಗುತ್ತದೆ, ಕಾಲ್ ಬಂದರೂ ಹಾಡು ನಿಲ್ಲುವುದಿಲ್ಲ. ವಿಮ್ ಕಂಪನಿಯ ಮೂರು ಮಾದರಿಗಳನ್ನೇ ನೋಡಿ: ಪ್ರೊದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್, ಪ್ರೊ ಪ್ಲಸ್‌ನಲ್ಲಿ ಎಕೆಎಂ, ಅಲ್ಟ್ರಾದಲ್ಲಿ ಇಎಸ್‌ಎಸ್. ಇವುಗಳಲ್ಲಿ ಆಯ್ಕೆ ಮಾಡುವಾಗ ಚಿಪ್ ಬಿಟ್ಟು ಉಳಿದದ್ದನ್ನು ನೋಡಿ. ಟಿವಿ ಸದ್ದೂ ಇದರಲ್ಲೇ ಬರಬೇಕಾದರೆ ಎಚ್‌ಡಿಎಂಐ ಇರುವ ಅಲ್ಟ್ರಾ. ಐಫೋನ್‌ನಿಂದ ವೈಫೈ ಮೂಲಕ ಹಾಡು ಕಳಿಸುವ ಏರ್‌ಪ್ಲೇ ಬೇಕಾದರೆ ಅಲ್ಟ್ರಾ ಆಗುವುದಿಲ್ಲ, ಅದರಲ್ಲಿ ಏರ್‌ಪ್ಲೇ ಇಲ್ಲ. ನಿಮ್ಮ ಮನೆಯಲ್ಲಿ ದಿನಾ ಅನುಭವಕ್ಕೆ ಬರುವ ವ್ಯತ್ಯಾಸ ಇದು.

ಈಗಾಗಲೇ ಸ್ಟ್ರೀಮರ್ ಇದ್ದು, ಗುಂಯ್ ಸದ್ದಿಲ್ಲದೆ ಹಾಡುತ್ತಿದ್ದರೆ ಬೇರೆ ಡ್ಯಾಕ್‌ನ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಸ್ಪೀಕರ್ ಹೊಸದೇ ಆಗಿದ್ದರೆ ದಪ್ಪ ಪರದೆ, ಜಮಖಾನೆ, ಪುಸ್ತಕದ ಕಪಾಟಿಗೆ ಹಾಕಿ. ಟೈಲ್ಸ್ ನೆಲ, ಬರಿ ಗೋಡೆಯ ಹಾಲ್‌ನಲ್ಲಿ ಮೃದಂಗದ ಏಟು ಮೂರು ಸಲ ಪುಟಿದು ಬರುತ್ತದೆ, ಅದನ್ನು ಸರಿ ಮಾಡುವ ಡ್ಯಾಕ್ ಇಲ್ಲ.

ಪ್ರತ್ಯೇಕ ಡ್ಯಾಕ್ ಬೇಕೇ ಬೇಕು ಅನ್ನುವವರು ಯಾರು? ಹಳೆಯ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಲ್ಲಿ ಸುಯ್ ಸದ್ದು ಬರುತ್ತಿರುವವರು. ಸಿಡಿ ಪ್ಲೇಯರ್, ಟಿವಿ, ಕಂಪ್ಯೂಟರ್ ಮೂರನ್ನೂ ಒಂದೇ ಆಂಪ್‌ಗೆ ಸೇರಿಸಬೇಕಾದವರು. ಜೋರು ಹೆಡ್‌ಫೋನ್ ಆಂಪ್ ಕೂಡ ಅದರಲ್ಲೇ ಬೇಕಾದವರು. ಮತ್ತೆ ಆರ್‌-ಟೂ-ಆರ್‌ನ ಬೇರೆ ರುಚಿ ನೋಡಬೇಕು ಅನ್ನುವವರು. ಈ ಕೊನೆಯವರಿಗೆ ಫಿಯೋ ಕಂಪನಿಯ ಕೆ11 ಮತ್ತು ಕೆ11 ಆರ್‌-ಟೂ-ಆರ್ ಒಳ್ಳೆ ಜೋಡಿ. ಹೊರಗಿನಿಂದ ಹೆಚ್ಚು ಕಡಿಮೆ ಒಂದೇ ಡಬ್ಬಿ, ಒಳಗೆ ಒಂದರಲ್ಲಿ ಡೆಲ್ಟಾ-ಸಿಗ್ಮಾ ಚಿಪ್, ಇನ್ನೊಂದರಲ್ಲಿ ರೆಸಿಸ್ಟರ್ ಜಾಲ. ಅಂಗಡಿಯಲ್ಲಿ ಎರಡೂ ಇದ್ದರೆ, ಅಥವಾ ಸ್ನೇಹಿತರ ಹತ್ತಿರ ಒಂದಿದ್ದರೆ, ಮಲ್ಟಿಮೀಟರ್ ತಗೊಂಡು ಹೋಗಿ. ಸಮ ಮಾಡಿದ ಮೇಲೂ ಒಂದೇ ಕಡೆ ಮನಸ್ಸು ವಾಲುತ್ತಿದ್ದರೆ ಅದನ್ನೇ ತಗೊಳ್ಳಿ. ಎರಡೂ ಒಂದೇ ಥರ ಕೇಳಿಸಿದರೆ ಅಗ್ಗದ್ದನ್ನು ತಗೊಳ್ಳಿ.